ಕಲಮು

ಬೆಟಗೇರಿ ಶಾಖಾ ಗ್ರಂಥಾಲಯ, ಮಧ್ಯಾಹ್ನ ಮೂರು.
ಪೇಪರು ಹಾರುತ್ತವೆಂದು ಪೆನ್ಶನ್ನಿನ ಹಿರಿಯರು
ಫ್ಯಾನು ಬಂದ್ ಮಾಡಿಸಿದ್ದಾರೆ.
ನನ್ನ ಟೇಬಲ್ಲಿಗೆ ಬರುವ ಪ್ರಶ್ನೆ ಪುಸ್ತಕದವಲ್ಲ, ಕಾಯ್ದೆಯವು.

"ಪೂರ್ತಿ ಪುಸ್ತಕ ಝೆರಾಕ್ಸ್ ತಗಸ್ಲೇನ್ರಿ ಸರ?"
ಎಂದ ಪರೀಕ್ಷೆಗೆ ಓದುವ ಹುಡುಗ.
ಪ್ಯಾಟ್ಯಾಗ ಸಿಗದಿದ್ರ ಮೂರು ಪ್ರತಿ,
ಅದೂ ಗ್ರಂಥಾಲಯದ ಸಲುವಾಗಿ, ನಿನ್ನ ಸಲುವಾಗಲ್ಲ, ಅಂದೆ.
ಎದುರಿನ ಅಂಗಡಿಗೆ ಹೋದ. ಮಷೀನಿನ ಹಸಿರು ಬೆಳಕು
ನನ್ನ ಕಿಟಕಿಗೆ ಬಡಿಯಿತು,
ಮುನ್ನೂರಾ ಹನ್ನೆರಡು ಸಲ.

ಹವಾಲ್ದಾರ ಚಹಾ ಕುಡಿಯುತ್ತ ಕೇಳಿದ:
"ಆ ಕೆಂಪು ರಟ್ಟಿನ ಪುಸ್ತಕ ಯಾರ್ಯಾರು ಒಯ್ದಾರ?"
ಸಹಿ ಶಿಕ್ಕಾ ಇದ್ದ ಕಾಗದ ತಗೊಂಡು ಬರ್ರಿ, ಅಂದೆ,
ರಜಿಸ್ಟರಿನ ಮೇಲೆ ಮೊಣಕೈ ಊರಿ.
ಅವನು ಹೋದ ಮೇಲೂ ಮೊಣಕೈ ಏಳಲಿಲ್ಲ.
ಎದ್ದಾಗ ಬೆವರಿಗೆ ಮೂರು ಹೆಸರು ಅಳಿಸಿದ್ದವು.

ಇವೆಲ್ಲ ರೂಢಿ. ಹೋದ ಮಂಗಳವಾರದ್ದು ಬೇರೆ.
ಸೊಲ್ಲಾಪುರದಿಂದ ಬಂದ ತಗಡಿನ ಟ್ರಂಕು,
ಗಿರಣಿಯಲ್ಲಿ ದುಡಿದ ದೇವಲಪ್ಪನದು.
ಅಣ್ಣನ ಮೊಮ್ಮಗ ದಾನಪತ್ರ ಬರೆದು ಕೊಟ್ಟು ಹೋದ.
ಒಳಗೆ ನೂಲಿನ ಹುರಿಯಲ್ಲಿ ಕಟ್ಟಿದ
ನಲವತ್ತೊಂದು ಇನ್‌ಲ್ಯಾಂಡು.

ಕಾಗದ, ಪತ್ರ ಬಂದವನದು. ಮಾತು, ಬರೆದವಳದು.
ಕಾಗದ ದಾನ ಕೊಡಬಹುದು, ಮಾತು ಕೊಡಲಾಗದು.
ಕಾಯ್ದೆ ಇಷ್ಟು ಚೆಂದ ಹೇಳಿದ್ದನ್ನು
ತರಬೇತಿಯಲ್ಲಿ ನಿದ್ದೆಗಣ್ಣಿನಲ್ಲಿ ಕೇಳಿದ್ದೆ.
ಬನವ್ವ ತೀರಿದ್ದು ಎಪ್ಪತ್ತೆಂಟು.
ಅರವತ್ತು ಕೂಡಿಸಿದರೆ ಎರಡು ಸಾವಿರದ ಮೂವತ್ತೆಂಟು.
ಅಲ್ಲೀತನಕ ಇದು ವಾರಸುದಾರರ ಮಾತು.

ವಾರಸುದಾರಳು ಕುರಹಟ್ಟಿ ಪೇಟೆಯಿಂದ ನಡೆದೇ ಬಂದಳು,
ಸಾವಂತ್ರೆವ್ವ, ಚಪ್ಪಲಿ ಬಾಗಿಲ ಹೊರಗೆ ಬಿಟ್ಟು.
"ನಮ್ಮವ್ವನ್ನ ಊರ ಮಂದಿಗೆಲ್ಲ ಓದಸ್ತೀರೇನು?"
ಇಲ್ಲಬೇ, ನೀ ಒಪ್ಪದ ಒಂದಕ್ಷರಾನೂ ಅಚ್ಚಿಗೆ ಹೋಗೂದಿಲ್ಲ.
"ಮತ್ತ ನನಗ? ನನಗ ಓದಾಕ ಎಲ್ಲಿ ಬರತೈತಿ."

ಓದಿ ಹೇಳಿದರೆ ಅದು ನಕಲೇ? ಪ್ರಕಟಣೆಯೇ?
ಹಿರಿಯರ ಕಿವಿ ನಿಮಿರಿದ್ದು ಕಂಡು
ಬೀರುಗಳ ಹಿಂದೆ ಕುರ್ಚಿ ಹಾಕಿ, ದನಿ ತಗ್ಗಿಸಿ ಓದಿದೆ:
ಮಗ್ಗದ ಕುಣಿಯೊಳಗೆ ನೀರು ಬಂತು.
ಎರಡು ಸೀರಿ ಕೊಟ್ಟೆ, ಒಂದರ ರೊಕ್ಕ ಬಂತು.
ಹುಡುಗಿಗೆ ಗೊಬ್ಬರ ಎದ್ದು ಹೋತು.
ರೊಕ್ಕ ಕಳಸು, ಇಲ್ಲಾ ನೀನಽ ಬಾ.
ಅದರ ಕೆಳಗೆ, ಅದೇ ಶಾಯಿಯಲ್ಲಿ:
"ನೀವಿಲ್ಲದ ಈ ಓಣಿಯು ಹಾಸು ಬಿಗಿದು
ಹೊಕ್ಕು ಕಾಣದ ಮಗ್ಗದಂತಿರುವುದು."

ಮುದುಕಿ ನಕ್ಕಳು. "ಇದು ನಮ್ಮವ್ವಂದಲ್ಲ ಬಿಡ್ರಿ.
ಆಕಿ ಅಪ್ಪಗ 'ನೀವು' ಅಂದಾಕಿನಽ ಅಲ್ಲ.
ಟಪಾಲ ಕಚೇರಿ ಕಟ್ಟೀಗೆ ಬುಡನಸಾಬ ಕುಂದರತಿದ್ದ.
ಆಕಿ ಹೇಳತಿದ್ಲು, ಅಂವ ಬರೀತಿದ್ದ, ಎರಡಾಣೆ.
ಜಾಗಾ ಉಳದ್ರ ತಾನಽ ತುಂಬತಿದ್ದ."

ಹೇಳಿದವಳು ಕರ್ತೃ, ಬರೆದವ ಬರೀ ಕೈ.
ಅಷ್ಟು ಗೊತ್ತು ನನಗೆ. ಉಳಿದ ಜಾಗ ಯಾರದು?
ಬುಡನಸಾಬ ತೀರಿದ್ದು ಯಾವಾಗ,
ಎಲ್ಲಿಂದ ಎಣಿಸಲಿ ಅರವತ್ತು?
ಲಕ್ಷ್ಮೇಶ್ವರದ ಉರುಸಿಗೆ ಹೋದವ ತಿರುಗಿ ಬರಲಿಲ್ಲವಂತೆ.

ಕಾಯ್ದೆಯ ಒಂದು ತುಂಡಿಗೆ ನಾವು ಕಲಮು ಅನ್ನುತ್ತೇವೆ.
ಬುಡನಸಾಬನ ಕೈಯಲ್ಲಿದ್ದದ್ದೂ ಕಲಮೇ.
ಒಂದು ಇನ್ನೊಂದರ ಗುರುತು ಹಿಡಿಯಲೊಲ್ಲದು.

"ಆ ಮಗ್ಗದ ಮಾತು ಇನ್ನೊಮ್ಮೆ ಓದ್ರಿ."
ಓದಿದೆ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.
"ಅರವತ್ಮೂರರಾಗ ಅಪ್ಪ ಬಂದಿದ್ದ. ಎರಡು ತಿಂಗಳಿದ್ದ, ಮತ್ತ ಹ್ವಾದ.
ಇದನ್ನ ಓದಿಽ ಬಂದಿದ್ದನೇನ್ರಿ? ತಾರೀಖ ನೋಡ್ರಿ."

ಅಂಚೆಯ ಮುದ್ರೆ ಅರ್ಧ ಅಳಿಸಿದೆ.
ಬೆಳಕಿಗೆ ಹಿಡಿದರೂ ಬೆಟಗೇರಿ ಎಂಬುದಷ್ಟೇ ಕಾಣುತ್ತದೆ.

ರಜಿಸ್ಟರಿನಲ್ಲಿ ನಲವತ್ತೊಂದು ಸಾಲು.
ಕರ್ತೃ ಎಂಬ ಮನೆಯಲ್ಲಿ ಬನವ್ವ, ಬನವ್ವ, ಬನವ್ವ.
ಇಪ್ಪತ್ತೇಳನೆಯದಕ್ಕೆ ಪೆನ್ಸಿಲು ನಿಂತಿದೆ.
"ಬಾಗಲಾ ಹಾಕತೀರೇನ್ರಿ?" ಎಂದು ಹಿರಿಯರೊಬ್ಬರು,
ನಾಳೆಯ ಪೇಪರಿಗೆ ಈಗಲೇ ನಂಬರು ಹಚ್ಚುತ್ತ.