ತೊಂಬತ್ತೆರಡನೆಯ ಮಹಡಿ

ಕಾವ್‌ಶಿಯುಂಗ್ ಬಂದರಿನ ಹಿಂದಿನ ಬೀದಿಯಲ್ಲಿ
ಷೇರು ದಲ್ಲಾಳಿಯ ಹಜಾರ.
ಬೆಳಿಗ್ಗೆ ಒಂಬತ್ತಕ್ಕೆ ಗೋಡೆ ತುಂಬ ಅಂಕಿ.
ನಮ್ಮಲ್ಲಿ ಕೆಂಪು ಅಂದರೆ ಏರಿಕೆ, ಹಸಿರು ಅಂದರೆ ಇಳಿತ.
ಆ ಚಳಿಗಾಲವೆಲ್ಲ ಗೋಡೆ
ನಾಟಿಯಾದ ಗದ್ದೆಯ ಹಾಗೆ ನಳನಳಿಸುತ್ತಿತ್ತು,
ಯಾರ ಕಣ್ಣೂ ತಂಪಾಗಲಿಲ್ಲ.

ನಾವೆಲ್ಲ ಕೊಂಡದ್ದು ಒಂದೇ ಹಡಗು ಕಂಪನಿ.
ದೂರದಲ್ಲಿ ಹಡಗು ಕೂಗಿದರೆ
ನಮ್ಮದೇ ಇರಬೇಕು ಎಂದು ಕಿವಿ ನಿಮಿರುತ್ತಿತ್ತು.

ಹೆಚ್ಚು ಬೆಲೆಗೆ ಕೊಂಡು ಸಿಕ್ಕಿಬಿದ್ದವರು ಇಲ್ಲಿ
ನಷ್ಟವಾಯಿತು ಅನ್ನುವುದಿಲ್ಲ,
ಮೇಲಿನ ಮಹಡಿಯಲ್ಲಿ ಮನೆ ಹಿಡಿದಿದ್ದೇವೆ ಅನ್ನುತ್ತಾರೆ.
ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದ ಯುಎತಾವ್
ಅರವತ್ತೇಳರಲ್ಲಿ.
ಹಡಗಿಗೆ ಬೆಸುಗೆ ಹಾಕುತ್ತಿದ್ದ ಶ್ವೇಮು
ತೊಂಬತ್ತೆರಡರಲ್ಲಿ.
ನಾನು ನಲವತ್ತರಲ್ಲಿ, ಬಡವರ ಮಹಡಿ,
ನನ್ನ ಕಷ್ಟ ಯಾರೂ ಕೇಳುವುದಿಲ್ಲ.
ನೆಲ ಆಗ ಮೂವತ್ತೊಂದು ಚಿಲ್ಲರೆ.

"ಗಾಳಿ ಹೇಗಿದೆ ಮೇಲೆ?"
"ಚೆನ್ನಾಗಿದೆ. ಲಿಫ್ಟ್ ಕೆಟ್ಟಿದೆ, ಅಷ್ಟೆ."

ಮಾರಿದರೆ ತಾನೆ ನಷ್ಟ, ಅನ್ನುತ್ತಿದ್ದಳು ಯುಎತಾವ್
ಪಪ್ಪಾಯಿ ಹಾಲಿಗೆ ಕೊಳವೆ ಚುಚ್ಚುತ್ತ.
ಮನೆಯಲ್ಲಿ ಗಂಡನಿಗೆ ಅವಳು ಹೇಳಿರುವ ಬೆಲೆ ಬೇರೆ.
ಆ ಬೆಲೆಯಲ್ಲಿ ಅವರಿಬ್ಬರೂ ಈಗಲೂ ಸುಖವಾಗಿದ್ದಾರೆ.

ಹೊಸ ವರ್ಷದ ಪಟಾಕಿ ಮುಗಿದ ಮೇಲೆ
ಶ್ವೇಮು ಬರಲಿಲ್ಲ.
ಎರಡು ತಿಂಗಳು ಕಳೆದು ಅವನ ಮಗಳು ಬಂದಳು,
ಕಂಕುಳಲ್ಲಿ ಅವನದೇ ನೀಲಿ ಫೈಲು.
ಕಿಟಕಿಯ ಬಳಿ ಹತ್ತು ನಿಮಿಷ, ನಾಲ್ಕು ಮುದ್ರೆ.
ಎಲ್ಲವನ್ನೂ ಆ ದಿನದ ಬೆಲೆಗೆ ಮಾರಿ
ನಮಗೆ ತಲೆಬಾಗಿ ಹೊರಟುಹೋದಳು.
ತೊಂಬತ್ತೆರಡನೆಯ ಮಹಡಿ ಖಾಲಿಯಾಯಿತು
ಮೆಟ್ಟಿಲಲ್ಲಿ ಒಂದು ಹೆಜ್ಜೆಯ ಸದ್ದೂ ಇಲ್ಲದೆ.

ಮರುವಾರ ನಮ್ಮ ಹಡಗು ಕೆಂಪಾಯಿತು.
ಏರಿದ್ದು ಮುಕ್ಕಾಲು ಡಾಲರು.
ಹಜಾರವೇ ಎದ್ದು ನಿಂತಿತು.
ಯಾರೋ ಕಿತ್ತಳೆ ಸುಲಿದು ಹಂಚಿದರು.
ಯುಎತಾವ್ ಅವನ ಕುರ್ಚಿಯ ಕಡೆ ತಿರುಗಿ
ನಿಜವಾದ ಸಿಟ್ಟಿನಲ್ಲಿ ಅಂದಳು:
"ಒಂದು ವಾರ, ಒಂದೇ ಒಂದು ವಾರ
ತಡೆದುಕೊಳ್ಳಲಾಗಲಿಲ್ಲವೇ ನಿನಗೆ?"

ನಾನು ಬೆರಳಲ್ಲಿ ಎಣಿಸಿದೆ.
ಅವನಿಗೆ ಇನ್ನೂ ಅರವತ್ತು ಮಹಡಿ ಬಾಕಿಯಿತ್ತು.
ಬಾಯಿ ಬಿಡಲಿಲ್ಲ. ಕಿತ್ತಳೆ ಸಿಹಿಯಾಗಿತ್ತು.

ಒಂದೂವರೆಗೆ ಗೋಡೆ ಆರಿತು.
ನನಗಿರುವುದು ಎಂಟೇ ಅಲ್ಲವೇ, ಎಂಟೇ,
ಎಂದುಕೊಳ್ಳುತ್ತ ಕೊಡೆ ಹುಡುಕಿದೆ.
ನಾಳೆ ಸ್ವಲ್ಪ ಬೇಗ ಬರಬೇಕು.