ದೊಡ್ಡ ಪಿಟೀಲಿನ ಬಾಡಿಗೆ

ಇಪ್ಪತ್ತಮೂರು ವರ್ಷ ಹೊತ್ತಿದ್ದೇನೆ ಮಾರಾಯ್ರೆ ಅದನ್ನು,
ಹೆಸರು ಹೇಳಲು ಕಲಿತದ್ದು ಕಡೆಯ ವರ್ಷ:
ಡಬಲ್ ಬಾಸ್.
ಅಲ್ಲಿಯವರೆಗೆ ಜೆಪ್ಪು ರಿಕ್ಷಾ ಸ್ಟ್ಯಾಂಡಿಗೆ ಅದು ದೊಡ್ಡ ಪಿಟೀಲು,
ಅವನು ಪಿಟೀಲಿನ ತೆಯೋ.

ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿದರೆ
ಕುತ್ತಿಗೆ ಎಡಕ್ಕೆ ಒಂದು ಮೊಳ ಹೊರಗೆ.
ಅದಕ್ಕೊಂದು ಕೆಂಪು ಚಿಂದಿ ಕಟ್ಟಿ ತೆಯೋಫಿಲ್ ಕೈರನ್ನ
ನನ್ನ ಪಕ್ಕ ಅರ್ಧ ಕುಂಡೆ ಊರಿ ಕೂರುತ್ತಿದ್ದ.
ಒಂದು ರಾತ್ರಿ ಪಂಪ್‌ವೆಲ್ಲಿನಲ್ಲಿ ಪೊಲೀಸರು ತಡೆದು
ಬಟ್ಟೆ ಬಿಚ್ಚು ಅಂದರು. ಹೆಣ ಅಂತ ಗುಮಾನಿ.
ಬಿಚ್ಚಿದ. ದಪ್ಪ ತಂತಿ ಒಮ್ಮೆ ಮೀಟಿದ.
ಪೇದೆ ಎರಡು ಹೆಜ್ಜೆ ಹಿಂದೆ ಹೋದದ್ದು ನಾನು ನೋಡಿದ್ದೇನೆ.

ಹೆಂಚಿನ ಕಾರ್ಖಾನೆಯಲ್ಲಿ ಅವನ ಕೆಲಸ ಬಡಿಯುವುದು.
ಗೂಡಿನಿಂದ ಬಂದ ಹೆಂಚಿಗೆ ಬೆರಳ ಗೆಣ್ಣಿನಿಂದ ಒಂದು ಪೆಟ್ಟು:
ಟಣ್ ಅಂದರೆ ಒಳ್ಳೆಯದು, ಠಸ್ ಅಂದರೆ ಬಿರುಕು.
ದಿನಕ್ಕೆ ನಾಲ್ಕು ಸಾವಿರ ಪೆಟ್ಟು.
ಸಂಜೆಗೆ ಕಿವಿಯೊಳಗೆ ಏಣಿ ಇಟ್ಟ ಹಾಗೆ, ಅನ್ನುತ್ತಿದ್ದ,
ಯಾವ ಹೆಂಚು ಯಾವ ಮೆಟ್ಟಿಲು ಅಂತ ಹೇಳಬಹುದು.

ರಾತ್ರಿ ಶಾರ್ಟ್‌ವೇವ್ ರೇಡಿಯೊ. ಎಲ್ಲಿಯದೋ ಊರು, ಗೊರಗೊರ,
ಅದರ ಅಡಿಯಲ್ಲಿ ಯಾರೋ ನಡೆಯುವ ಸದ್ದು.
ತುತ್ತೂರಿ ಅಲ್ಲ, ಪಿಯಾನೊ ಅಲ್ಲ,
ಆ ನಡೆಯುವವನು ಬೇಕು ಅವನಿಗೆ.
ಚಹಾ ಪೆಟ್ಟಿಗೆ, ಪೊರಕೆ ಕೋಲು, ಬಂದರಿನ ನೈಲಾನು ಹಗ್ಗ,
ಮೊದಲ ವಾದ್ಯ ಅದು.
ಎರಡನೆಯದು ಮಿಷನ್ ಶಾಲೆಯ ಉಗ್ರಾಣದಲ್ಲಿ ಸೊಂಟ ಮುರಿದು ಬಿದ್ದಿತ್ತು.
ಬೆಂಗ್ರೆಯ ದೋಣಿ ಆಚಾರಿ ಅಂಟು ಹಾಕಿ ಕೂರಿಸಿದ,
"ನೀರಿಗೆ ಇಳಿಸಬೇಡ" ಅಂದ, ಕೂಲಿ ಕೇಳಲಿಲ್ಲ.

ಕಲಿಸಿದವರು? ಯಾರೂ ಇಲ್ಲ.
ಗೋವಾದ ಪಿಯಾನೊದವನೊಬ್ಬ ಹಂಪನಕಟ್ಟೆಯ ಹೋಟೆಲಿನಲ್ಲಿ
ಹನ್ನೆರಡು ಮನೆಯ ಲೆಕ್ಕ ಒಮ್ಮೆ ಹೇಳಿದನಂತೆ, ಕುಡಿದು.
"ಚೆನ್ನೆಮಣೆಗಿಂತ ಎರಡು ಗುಳಿ ಕಡಿಮೆ, ಅಷ್ಟೇ ಇದ್ದಿನಬ್ಬ,
ಕೊನೆಯ ಮನೆಗೆ ಬರಲು ಅವಸರ ಮಾಡಬಾರದು."
ಠಸ್ ಅಂದ ಹೆಂಚುಗಳ ಬೆನ್ನಿಗೆ ಇದ್ದಲಿನಲ್ಲಿ ಬರೆದ:
೧ ೧ ೧ ೧
೪ ೪ ೧ ೧
೫ ೪ ೧ ೧
ಅದೇ ಹೆಂಚು ಮನೆಗೆ ಹೊದೆಸಿದ. ಅಂಗಾತ ಮಲಗಿದರೆ ಮೇಲೆ ಪಾಠ.
ಸೋರುವಲ್ಲಿ ಐದು ಅಳಿಸಿಹೋಗಿತ್ತು,
ಅಲ್ಲೇ ಯಾವತ್ತೂ ತಡವರಿಸುತ್ತಾನೆ ಅಂತ ಲಿಡಿಯಕ್ಕನ ನಗು.

ಮದುವೆಗೆ ಹೋದ, ಕ್ರಿಸ್ಮಸ್ ಕುಣಿತಕ್ಕೆ ಹೋದ.
ತಿಂಗಳಿಗೊಂದು ಗುರುವಾರ ಮಾತ್ರ ಅವನ ಜಾಝ್,
ಏಳು ಜನ ಕೇಳುವವರು,
ಅದರಲ್ಲಿ ಇಬ್ಬರು ಕಾಣೆ ಫ್ರೈಗೆ ಕಾಯುವವರು.
ಬೊಂಬಾಯಿಯ ಹಡಗು ಕಂಪನಿ ಒಮ್ಮೆ ಕರೆಸಿತು.
ಎದುರಿಗೆ ಕಾಗದ ಇಟ್ಟರು, ಗೆರೆ ಗೆರೆ, ಗೆರೆಯ ಮೇಲೆ ಇರುವೆ.
ನಾನು ಇಂಗ್ಲಿಷ್ ಪೇಪರು ನೋಡುವ ಹಾಗೆ ನೋಡಿದನಂತೆ.
"ನೀವು ಬಾರಿಸಿ, ನಾನು ಹಿಂದೆ ಬರುತ್ತೇನೆ" ಅಂದ.
ಅವರಿಗೆ ಓದುವವನು ಬೇಕಿತ್ತು.
ಮರುದಿನದ ಬಸ್ಸಿಗೆ ಇಬ್ಬರೂ ವಾಪಸು,
ಒಬ್ಬರು ಒಳಗೆ, ಒಬ್ಬರು ಟಾಪಿನಲ್ಲಿ.

ಆಮೇಲೆ ಕೀಬೋರ್ಡು ಬಂತು.
ಯಾವನೋ ಹುಡುಗನ ಎಡಗೈಗೆ ಇವನ ಕೆಲಸ ಹೋಯಿತು.
ಕಾರ್ಖಾನೆಗೂ ಬೀಗ.
ನನಗೆ ವಾರಕ್ಕೆ ಎರಡು ಬಾಡಿಗೆ ಕಡಿಮೆ,
ಅವನಿಗೆ ಎಷ್ಟು ಕಡಿಮೆ ಅಂತ ಅವನು ಹೇಳಲಿಲ್ಲ.

ಗುರುವಾರ ಮಾತ್ರ ಬಿಡಲಿಲ್ಲ.
ಸಂಗೀತ ಎಂತದೂ ಗೊತ್ತಿಲ್ಲ ನನಗೆ. ಹೊರಗೆ ಕಾಯುವಾಗ
ಹೋಟೆಲಿನ ಬಾಗಿಲು ಮುಚ್ಚಿದರೆ ಉಳಿದದ್ದೆಲ್ಲ ಒಳಗೇ ನಿಲ್ಲುತ್ತದೆ,
ಅವನದ್ದು ಗೋಡೆ ದಾಟಿ ಬಂದು
ರಿಕ್ಷಾದ ಹ್ಯಾಂಡಲು ಮುಟ್ಟುತ್ತದೆ.

ಕಳೆದ ಮಾರ್ಚಿನಲ್ಲಿ, ಬೆರಳು ಮಡಚದಾದಾಗ,
ಸೋಮೇಶ್ವರದ ಹುಡುಗಿ ಉಂಟಲ್ಲ, ಪ್ರಜ್ಞಾ ಕರ್ಕೇರ,
ಅವಳಿಗೆ ಕೊಟ್ಟು ಬಾ ಅಂದ. ತಾನು ಬರಲಿಲ್ಲ.
ಕೆಂಪು ಚಿಂದಿ ತಾನೇ ಕಟ್ಟಿದ, ತುಂಬಾ ಹೊತ್ತು ಹಿಡಿಯಿತು.
ಮಹಾಕಾಳಿಪಡ್ಪುವಿನಲ್ಲಿ ಗೇಟು ಬಿದ್ದಿತ್ತು.
ಗೂಡ್ಸು ಬಂತು, ನೆಲ ನಡುಗಿತು,
ಹಿಂದಿನ ಸೀಟಿನಲ್ಲಿ ದಪ್ಪ ತಂತಿ ತಾನಾಗಿ ಹೂಂ ಅಂದಿತು.
"ರೈಲು ಯಾವ ಮನೆಯಲ್ಲಿ ಉಂಟು, ಹೇಳು?"
ಇಲ್ಲೇ ಕೇಳುತ್ತಿದ್ದ. ಒಮ್ಮೆಯೂ ಹೇಳಿರಲಿಲ್ಲ ನಾನು.
ಎಣಿಸಿದೆ. ಒಂದು ಒಂದು ಒಂದು ಒಂದು.
ನಾಲ್ಕು, ನಾಲ್ಕು.
ಹನ್ನೊಂದನೆಯ ಮನೆಗೆ ಗೇಟು ಎದ್ದಿತು,
ಹಿಂದಿನವರು ಹಾರ್ನ್ ಹೊಡೆದರು.
ಇನ್ನೊಂದು ಬಾಕಿ ಉಂಟು ಮಾರಾಯ್ರೆ, ಅಂದೆ,
ಯಾರಿಗೂ ಕೇಳಿಸಲಿಲ್ಲ.