ಬೋರಲು ದೋಣಿ

ಹಿಯುಮಾ ದ್ವೀಪದ ಪುರಸಭೆಗೆ ಹೋದ ವರ್ಷ
ಕಾನೂನು ಓದಿ ಹೇಳುವ ಯಂತ್ರ ಬಂತು.
ಅಲ್ಲಿಂದೀಚೆಗೆ ರೈವೊ ಕಡಕಸ್‌ಗೆ ತಲೆನೋವಿಲ್ಲ.
ಬೇಲಿ ಎಷ್ಟೆತ್ತರ, ನಾಯಿ ಎಷ್ಟು ಬೊಗಳಬಹುದು,
ಕೇಳಿದರಾಯಿತು, ಕಾಫಿ ಆರುವುದರೊಳಗೆ
ಕಲಂ, ಉಪಕಲಂ, ಪರಂತುಕ ಸಮೇತ ಉತ್ತರ.
ಸಹಿಯೊಂದು ಅವನದು.

ಮಾರ್ಚಿಯಲ್ಲಿ ಲೈನೆ ಪಾಯು ಬಂದಳು,
ಎಪ್ಪತ್ತೆಂಟರ ಮುದುಕಿ, ಕೋಟಿನ ತುಂಬ ಹೊಗೆವಾಸನೆ.
ನೋಟೀಸನ್ನು ಮೇಜಿಗೆ ಬಡಿದು ಕೇಳಿದಳು:
ನನ್ನ ಮೀನಿನ ಗೂಡು ಕಟ್ಟಡವಂತೆ, ಯಾರಂದದ್ದು?
ಅದು ದೋಣಿ. ಗಂಡ ಹೋದ ಮೇಲೆ
ಬೋರಲು ಹಾಕಿ, ಬಾಗಿಲು ಕೊಯ್ದು,
ಒಳಗೆ ಮೀನಿಗೆ ಹೊಗೆ ಹಿಡಿಸುತ್ತಾಳೆ.

ಯಂತ್ರ ಅಂದಿತು:
ನೆಲಕ್ಕೂರಿ ಚಾವಣಿ ಹೊದ್ದದ್ದು ಕಟ್ಟಡ,
ಪರವಾನಗಿ ಪಡೆಯತಕ್ಕದ್ದು.
ದೋಣಿ ಎಂದು ತಿದ್ದಿ ಕೇಳಿದರೆ:
ನಾಲ್ಕು ಜೀವರಕ್ಷಕ ಅಂಗಿ, ಒಂದು ಸೀಟಿ
ಇರಿಸತಕ್ಕದ್ದು.
ಲೈನೆ ನಕ್ಕಳು. ಮೀನುಗಳಿಗೆ ತೊಡಿಸಲೇನು?

ಎರಡನ್ನೂ ಕೂಡಿಸಿ ಕೇಳಿದ.
ಯಂತ್ರ ತುಸು ತಡೆಯಿತು, ಅಥವಾ ಅವನಿಗೆ ಹಾಗನಿಸಿತು:
ಈ ಕುರಿತು ಕಾನೂನು ಮೌನವಾಗಿದೆ.
ಅಧಿಕಾರಿಯು ಖುದ್ದು ನೋಡಿ ತೀರ್ಮಾನಿಸಬಹುದು.

ಬಹುದು.
ಅಷ್ಟೊಂದು ತಕ್ಕದ್ದುಗಳ ನಡುವೆ
ಬೂಟಿನೊಳಗಿನ ಮರಳಕಾಳಿನಂಥ ಪದ.
ನೋಡದೆಯೂ ಇರಬಹುದು ಎಂದೇ ಅದರರ್ಥ.
ರೈವೊ ಟೋಪಿ ಹಾಕಿಕೊಂಡ.

ದಡದಲ್ಲಿ ಇನ್ನೂ ಅಲ್ಲಲ್ಲಿ ಹಿಮ.
ಬಾಗಿ ಒಳಹೊಕ್ಕರೆ ಮಸಿ ಹಿಡಿದ ಪಕ್ಕೆಲುಬುಗಳು,
ಜೂನಿಪರ್ ಹೊಗೆ, ಕಣ್ಣಲ್ಲಿ ನೀರು.
ಹೊರಗೆ, ಹಲಗೆಯ ಮೇಲೆ, ಬಣ್ಣ ಮಾಸಿದ ಹೆಸರು
ತಲೆಕೆಳಗಾಗಿ.
ಕತ್ತು ತಿರುಚಿದ, ಆಗಲಿಲ್ಲ. ಮೊಣಕಾಲೂರಿದ.
ಕೊನೆಗೆ ಸರ್ಕಾರದ ನೆತ್ತಿಯನ್ನು ಮರಳಿಗೆ ತಾಗಿಸಿ ಓದಿದ:
ಲೈನೆ.
ಅವರ ಭಾಷೆಯಲ್ಲಿ ಅಲೆ ಎಂದರ್ಥ.
ಹಾಗೆ ನೋಡುವಾಗ ಕಡಲು ಮೇಲಿತ್ತು,
ದೋಣಿ ನೆಟ್ಟಗಿತ್ತು.

ಹಳೆ ಪತ್ರಿಕೆಯಲ್ಲಿ ಬಿಸಿ ಮೀನು ಕೊಟ್ಟಳು. ತಿಂದ.
ನಮೂನೆಯಲ್ಲಿ ಎರಡೇ ಚೌಕ, ದೋಣಿ, ಕಟ್ಟಡ.
ಬೆರಳೊತ್ತಿದ. ಜಿಡ್ಡು.
ಮತ್ತೆ ಒತ್ತಿದ. ಪರದೆಗೆ ಅವನ ಗುರುತು ಸಿಗಲಿಲ್ಲ.
ಲೈನೆ ಏಪ್ರನ್ನಿನ ತುದಿ ಚಾಚಿದಳು:
ಒರೆಸಿಕೊ.
ಇಲ್ಲ, ತಡಿ, ಇನ್ನೊಂದು ಮೀನಿದೆ.